ಪರವಾನಗಿ ಮನುಷ್ಯನಿಗೋ, ಪೆಟ್ಟಿಗೆಗೋ?

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಹನ್ನೊಂದು ವರ್ಷಗಳಿಂದ ಪುಣೆಯ ಚಿಂಚವಡದಲ್ಲಿದ್ದೇನೆ. ಎಂಟು-ಹತ್ತು ಕನ್ನಡಿಗರು ಸೇರಿ ತಿಂಗಳಿಗೊಮ್ಮೆ ಸಹ್ಯಾದ್ರಿಯ ಕೋಟೆಗಳಿಗೆ ಚಾರಣ ಹೋಗುತ್ತೇವೆ. ಕಳೆದ ಮಳೆಗಾಲದಲ್ಲಿ ರಾಜಗಡದಿಂದ ತೋರಣಾಕ್ಕೆ ನಡೆಯುವಾಗ ಇಬ್ಬರು ಹಿಂದೆ ಉಳಿದರು. ಮೊಬೈಲ್ ಸಿಗದೆ ಎರಡು ಗಂಟೆ ಒದ್ದಾಡಿದೆವು. ಇದನ್ನು ಕೇಳಿದ ನನ್ನ ಭಾವ ಅಮೆರಿಕದಿಂದ ಬರುವಾಗ ಕಾರಿನಲ್ಲಿ ಬಳಸುವ, ನಲವತ್ತು ಚಾನೆಲ್‌ಗಳ ಎರಡು ಸಿ.ಬಿ. (ಸಿಟಿಜನ್ಸ್ ಬ್ಯಾಂಡ್, ಅಂದರೆ ನಾಗರಿಕ ಬ್ಯಾಂಡ್) ರೇಡಿಯೊ ತಂದುಕೊಟ್ಟಿದ್ದಾರೆ. ಇದಕ್ಕೆ ಲೈಸೆನ್ಸ್ ಬೇಡ ಎಂದು ಅವರ ಅಭಿಪ್ರಾಯ. ಗುಂಪಿನ ಇನ್ನೊಬ್ಬರು ಆನ್‌ಲೈನ್‌ನಲ್ಲಿ ಐದು ವಾಟ್‌ನ ಎರಡು ಅಗ್ಗದ ವಾಕಿಟಾಕಿ ಕೊಂಡಿದ್ದಾರೆ. ಮತ್ತೊಬ್ಬರು ಈಚೆಗೆ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ, ಪರೀಕ್ಷೆ ಪಾಸು ಮಾಡಿದ್ದಾರೆ. ಅವರ ಲೈಸೆನ್ಸ್ ನಮ್ಮೆಲ್ಲರಿಗೂ ಸಾಲದೇ? ಆಪತ್ತಿನಲ್ಲಿ ಸಿ.ಬಿ.ಯಲ್ಲಿ ಕರೆದರೆ ಹ್ಯಾಮ್‌ಗಳು ಕೇಳಿಸಿಕೊಳ್ಳುತ್ತಾರೆಯೇ?

ಉತ್ತರ: ನಿಮ್ಮ ಭಾವನವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಅವರ ಊರಿನ ನಿಜ. ಅಮೆರಿಕದಲ್ಲಿ 27 ಮೆಗಾಹರ್ಟ್ಸ್‌ನ ಈ ಆವರ್ತನ ಪಟ್ಟಿಯನ್ನು (ಬ್ಯಾಂಡ್) ಸಾಮಾನ್ಯ ನಾಗರಿಕರಿಗೆ ತೆರೆದದ್ದು 1958ರಲ್ಲಿ. ಅದಕ್ಕೆ ಮೊದಲು ಅಲ್ಲಿ ಅದು ಹವ್ಯಾಸಿಗಳ ಹನ್ನೊಂದು ಮೀಟರ್ ಬ್ಯಾಂಡ್ ಆಗಿತ್ತು. ಅಣ್ಣನ ಪಾಲಿನ ಹೊಲ ಕಿತ್ತು ತಮ್ಮನಿಗೆ ಕೊಟ್ಟಂತಾಯಿತು. ಅಲ್ಲಿನ ಹಳೆಯ ಹ್ಯಾಮ್‌ಗಳು ಸಿ.ಬಿ.ಯವರನ್ನು ಕಂಡರೆ ಮೂಗು ಮುರಿಯುತ್ತಿದ್ದುದರ ಹಿಂದೆ ಈ ಹೊಟ್ಟೆಯುರಿಯೂ ಇದೆ. 1973ರ ತೈಲ ಬಿಕ್ಕಟ್ಟಿನಲ್ಲಿ ಲಾರಿ ಚಾಲಕರು ಎಲ್ಲಿ ಡೀಸೆಲ್ ಸಿಗುತ್ತದೆ, ಎಲ್ಲಿ ಪೊಲೀಸರು ನಿಂತಿದ್ದಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಇದನ್ನೇ ಹಿಡಿದರು. ಸೆಟ್ಟುಗಳು ಎಷ್ಟು ಮಾರಾಟವಾದವೆಂದರೆ 1977ರಲ್ಲಿ ಇಪ್ಪತ್ತಮೂರು ಚಾನೆಲ್‌ಗಳನ್ನು ನಲವತ್ತಕ್ಕೆ ಏರಿಸಬೇಕಾಯಿತು. 1983ರಲ್ಲಿ ಲೈಸೆನ್ಸ್ ಪದ್ಧತಿಯನ್ನೇ ಕೈಬಿಟ್ಟರು. ನಿಮ್ಮ ಭಾವನವರ ಮಾತು ಇಲ್ಲಿಂದ ಬಂದದ್ದು.

ನಮ್ಮಲ್ಲಿ ನಾಗರಿಕ ಬ್ಯಾಂಡಿಗೆ ವಿನಾಯಿತಿ ಬಂದದ್ದು 2005ರಲ್ಲಿ. 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, ಐದು ವಾಟ್ ಮೀರದಂತೆ, ಸೆಟ್ಟಿನೊಳಗೇ ಕೂಡಿಸಿದ ಆಂಟೆನಾದಿಂದ ಬಳಸುವುದಾದರೆ ಪರವಾನಗಿ ಬೇಡ. ಈ ವಾಕ್ಯದಲ್ಲಿ ಜನರ ಕಿವಿಗೆ ಬೀಳುವುದು ಕೊನೆಯ ಎರಡು ಪದ ಮಾತ್ರ. ನಿಮ್ಮ ಕೈಯಲ್ಲಿರುವ ಸೆಟ್ಟನ್ನು ಈ ಅಳತೆಗೆ ಹಿಡಿದು ನೋಡೋಣ. ಅಮೆರಿಕದ ಚಾನೆಲ್ 1 ಇರುವುದು 26.965ರಲ್ಲಿ, ಅದು ಒಳಗೆ. ಲಾರಿಯವರ ಚಾನೆಲ್ 19 ಇರುವುದು 27.185ರಲ್ಲಿ, ಅದೂ ಒಳಗೆ. ಚಾನೆಲ್ 27 ಬರುವುದು 27.275ರಲ್ಲಿ, ಅದು ಹೊಸ್ತಿಲ ಮೇಲೆ. ಚಾನೆಲ್ 28 ಎಂದರೆ 27.285. ಅಲ್ಲಿಗೆ ನಮ್ಮ ಬೇಲಿ ದಾಟಿತು. ನಲವತ್ತನೆಯದು 27.405ರಲ್ಲಿದೆ. ಅಂದರೆ ನಲವತ್ತರಲ್ಲಿ ಹದಿಮೂರು ಚಾನೆಲ್‌ಗಳನ್ನು ನೀವು ಮುಟ್ಟುವಂತಿಲ್ಲ. ಗುಂಡಿ ಮಾತ್ರ ಒಂದೇ. ಕತ್ತಲಲ್ಲಿ, ಮಳೆಯಲ್ಲಿ, ಒಂದು ಸುತ್ತು ಹೆಚ್ಚು ತಿರುಗಿದರೆ ಯಾರಿಗೂ ತಿಳಿಯುವುದಿಲ್ಲ.

ಇನ್ನು ಆಂಟೆನಾ. ಕಾರಿನ ಸಿ.ಬಿ. ಸೆಟ್ಟಿನ ಹಿಂಬದಿ ತಿರುಗಿಸಿದರೆ ಆಂಟೆನಾ ತಂತಿಯನ್ನು ತಿರುಪಿ ಕೂಡಿಸುವ ದುಂಡನೆಯ ಲೋಹದ ಸಾಕೆಟ್ ಕಾಣುತ್ತದೆ. ಆ ಸಾಕೆಟ್ ಇದ್ದ ಮೇಲೆ ಅದು 'ಒಳಗೇ ಕೂಡಿಸಿದ ಆಂಟೆನಾ' ಅಲ್ಲ. ವಿನಾಯಿತಿ ಅಲ್ಲಿಯೇ ಮುಗಿಯಿತು. ಈ ಷರತ್ತು ಸುಮ್ಮನೆ ಕಿರುಕುಳಕ್ಕೆ ಇಟ್ಟದ್ದಲ್ಲ. 27 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 11 ಮೀಟರ್, ಅದರ ಕಾಲು ಭಾಗದ ಕಡ್ಡಿ ಎಂದರೆ ಎರಡೂ ಮುಕ್ಕಾಲು ಮೀಟರ್. ಅಷ್ಟು ಎತ್ತರದ ಕಡ್ಡಿ ನೆಟ್ಟರೆ ಐದು ವಾಟ್ ಬಹಳ ದೂರ ಹೋಗುತ್ತದೆ. ಸೂರ್ಯನ ಕಲೆಗಳು ಹೆಚ್ಚಿರುವ ವರ್ಷಗಳಲ್ಲಿ ಈ ಅಲೆಗಳು ಬಹಳ ಎತ್ತರದ ವಾಯುಪದರವಾದ ಅಯಾನುಗೋಳಕ್ಕೆ ತಾಗಿ ಬಾಗಿ ಸಮುದ್ರದಾಚೆಯೂ ಇಳಿಯುತ್ತವೆ. ಸರ್ಕಾರ ಬಿಟ್ಟುಕೊಟ್ಟಿರುವುದು ಅಂಗಳದಲ್ಲಿ ಕೂಗಿ ಮಾತಾಡುವುದನ್ನು. ಮಾಳಿಗೆಯ ಮೇಲೆ ಧ್ವನಿವರ್ಧಕ ಕಟ್ಟುವುದನ್ನಲ್ಲ.

ಇಲ್ಲಿ ಒಂದು ವಿಚಿತ್ರವಿದೆ. 26.957, 27.283 ಎಂಬ ಈ ಅಡ್ಡಾದಿಡ್ಡಿ ಅಂಕೆಗಳು ಎಲ್ಲಿಂದ ಬಂದವು? ಎರಡರ ನಡುವಿನ ಬಿಂದು 27.12. ಉದ್ಯಮ ಮತ್ತು ವೈದ್ಯಕೀಯ ಯಂತ್ರಗಳಿಗಾಗಿ ಅಂತರರಾಷ್ಟ್ರೀಯವಾಗಿ ಬಿಟ್ಟಿರುವ ಪಟ್ಟಿ ಇದೇ. ಪ್ಲಾಸ್ಟಿಕ್ ಹಾಳೆಗಳನ್ನು ಬೆಸೆಯುವ ಯಂತ್ರ, ಮಂಡಿನೋವಿಗೆ ಶಾಖ ಕೊಡುವ ಡಯಾಥರ್ಮಿ ಯಂತ್ರ, ಮಕ್ಕಳ ಅಗ್ಗದ ರಿಮೋಟ್ ಕಾರು ಎಲ್ಲವೂ ಇಲ್ಲೇ ಗಲಾಟೆ ಮಾಡುವುದು. ಕೆಲವು ವರ್ಷಗಳ ಹಿಂದೆ ಪುಣೆಯ ಕೋಥ್ರೂಡಿನ ನನ್ನ ಮನೆಯಲ್ಲಿ ಕುಳಿತು ಈ ಬ್ಯಾಂಡಿಗೆ ಕಿವಿ ಕೊಡುತ್ತಿದ್ದಾಗ ದಿನವೂ ಹತ್ತೂಕಾಲಿಗೆ ಗುಂಯ್ ಎಂಬ ಸದ್ದು ಶುರುವಾಗುತ್ತಿತ್ತು. ಹದಿನೈದು ನಿಮಿಷ ಇದ್ದು ನಿಲ್ಲುವುದು, ಐದು ನಿಮಿಷ ಬಿಟ್ಟು ಮತ್ತೆ ಬರುವುದು. ಭಾನುವಾರ ಮಾತ್ರ ಇಲ್ಲ. ನಾಲ್ಕನೆಯ ದಿನ ಪುಟ್ಟ ರಿಸೀವರಿಗೆ ತಂತಿಯ ಬಳೆಯೊಂದನ್ನು ಕಟ್ಟಿಕೊಂಡು, ಬಳೆ ತಿರುಗಿಸಿದಾಗ ಸದ್ದು ಎತ್ತ ಇಳಿಯುತ್ತದೆ ಎಂದು ನೋಡುತ್ತಾ ಬೀದಿಗಿಳಿದೆ. ನಾಲ್ಕು ಕಟ್ಟಡ ದಾಟಿ ನಿಂತದ್ದು ಒಂದು ಫಿಸಿಯೋಥೆರಪಿ ಕೊಠಡಿಯ ಮುಂದೆ. ಒಳಗೆ ಅಜ್ಜಿಯೊಬ್ಬರು ಎರಡೂ ಮಂಡಿಗೆ ಪ್ಯಾಡ್ ಕಟ್ಟಿಸಿಕೊಂಡು ಕಣ್ಣು ಮುಚ್ಚಿ ಹಾಯಾಗಿ ಕುಳಿತಿದ್ದರು. ನಾನು ದೂರು ಕೊಡಲು ಹೋದವನಲ್ಲ, ಕೊಡಲು ಬರುವಂತೆಯೂ ಇಲ್ಲ. ಆ ಬ್ಯಾಂಡಿನಲ್ಲಿ ಅವರ ಮಂಡಿಗಿರುವ ಹಕ್ಕು ನನ್ನ ಕಿವಿಗಿಲ್ಲ. ವಿನಾಯಿತಿಯ ಸೆಟ್ಟುಗಳ ಹಣೆಬರಹವೇ ಅದು: ನೀವು ಯಾರಿಗೂ ತೊಂದರೆ ಕೊಡುವಂತಿಲ್ಲ, ನಿಮಗೆ ತೊಂದರೆಯಾದರೆ ಕೇಳುವವರಿಲ್ಲ.

ಹ್ಯಾಮ್ ವಿಷಯಕ್ಕೆ ಬಂದರೆ ಲೆಕ್ಕವೇ ತಿರುಗುಮುರುಗು. ನಾಗರಿಕ ಬ್ಯಾಂಡಿನಲ್ಲಿ ಬಿಡುಗಡೆ ಸಿಕ್ಕಿರುವುದು ಪೆಟ್ಟಿಗೆಗೆ. ಯಾರು ಹಿಡಿದರೂ ಸರಿ, ಪೆಟ್ಟಿಗೆ ಮಾತ್ರ ಅಳತೆಯೊಳಗಿರಬೇಕು. ಬಿಚ್ಚಿ ತಿದ್ದಿದರೆ ಬಿಡುಗಡೆ ಹೋಯಿತು. ಹ್ಯಾಮ್‌ನಲ್ಲಿ ಪರವಾನಗಿ ಇರುವುದು ಮನುಷ್ಯನಿಗೆ. ಆತನನ್ನು ಪರೀಕ್ಷಿಸಿ ಒಪ್ಪಿಕೊಂಡ ಮೇಲೆ ಆತ ತನ್ನ ಬ್ಯಾಂಡಿನೊಳಗೆ ಸೆಟ್ಟನ್ನು ಬಿಚ್ಚಬಹುದು, ಬೆಸುಗೆ ಹಾಕಬಹುದು, ತಾನೇ ಕಟ್ಟಬಹುದು. ಆದರೆ ಆ ಒಪ್ಪಿಗೆ ಕೈಯಿಂದ ಕೈಗೆ ದಾಟುವುದಿಲ್ಲ. ನಿಮ್ಮ ಗೆಳೆಯರ ಲೈಸೆನ್ಸ್ ನಿಮ್ಮ ಗುಂಪಿಗೆ ಸಾಲದೇ ಎಂದು ಕೇಳಿದ್ದೀರಿ. ಅವರ ಡ್ರೈವಿಂಗ್ ಲೈಸೆನ್ಸಿನಲ್ಲಿ ನೀವು ಹತ್ತು ಜನ ಹತ್ತು ಕಾರು ಓಡಿಸಬಹುದೇ? ಹವ್ಯಾಸಿ ಬ್ಯಾಂಡಿನಲ್ಲಿ ಮಾತಿನ ಎರಡೂ ತುದಿಯಲ್ಲಿ ಪರವಾನಗಿ ಉಳ್ಳವರೇ ಇರಬೇಕು. ಒಬ್ಬ ಹ್ಯಾಮ್ ಮುಂದೆ ನಡೆದು, ಹಿಂದಿನವರ ಕೈಗೆ ಇನ್ನೊಂದು ಸೆಟ್ಟು ಕೊಟ್ಟರೆ ತಪ್ಪು ಇಬ್ಬರದೂ ಆಗುತ್ತದೆ. ಅವರಿಗಂತೂ ಕಷ್ಟಪಟ್ಟು ಗಳಿಸಿದ ಕಾಲ್ ಸೈನ್‌ಗೇ, ಅಂದರೆ ಪರವಾನಗಿಯೊಡನೆ ಸಿಗುವ ಗುರುತಿನ ಹೆಸರಿಗೇ, ಕುತ್ತು.

ಇನ್ನೊಂದು ಸಣ್ಣ ಮಾತು. ಅವರು 'ಪರೀಕ್ಷೆ ಪಾಸು ಮಾಡಿದ್ದಾರೆ' ಎಂದು ಬರೆದಿದ್ದೀರಿ. ಪರೀಕ್ಷೆ ಬೇರೆ, ಪರವಾನಗಿ ಬೇರೆ. ಪಾಸಾದ ಮೇಲೆ ದೂರಸಂಪರ್ಕ ಇಲಾಖೆಗೆ ಅರ್ಜಿ ಹಾಕಿ, ಕಾಲ್ ಸೈನ್ ಕೈಗೆ ಬರುವವರೆಗೆ ಅವರು ಕೇಳುಗರು ಮಾತ್ರ. ಕಾಯುವುದು ಕಷ್ಟ, ನನಗೆ ಗೊತ್ತು. ನಾನು ಆ ಹೊತ್ತಿನಲ್ಲಿ ಕಾಯದೆ ಒಮ್ಮೆ ಗೆಳೆಯನ ಮನೆಯಲ್ಲಿ ಮೈಕಿನ ಗುಂಡಿ ಒತ್ತಿ 'ನಮಸ್ಕಾರ' ಎಂದುಬಿಟ್ಟೆ. ಆ ಕಡೆಯಿಂದ ವಯಸ್ಸಾದ ದನಿಯೊಂದು ಬಹಳ ಮೃದುವಾಗಿ ಕೇಳಿತು: 'ತಮ್ಮ ಕಾಲ್ ಸೈನ್ ಹೇಳುತ್ತೀರಾ?' ಹೇಳಲು ಏನೂ ಇರಲಿಲ್ಲ. ಗುಂಡಿ ಬಿಟ್ಟು, ಸೆಟ್ಟು ಆರಿಸಿ, ಚಹಾ ಕುಡಿಯಲು ಹೋದೆವು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

1978ರ ಹವ್ಯಾಸಿ ಸೇವೆಯ ನಿಯಮಗಳಿಂದ ಬಂದ ಪದ್ಧತಿಯಲ್ಲಿ ಹನ್ನೆರಡು ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆಗೆ ಕೂರಬಹುದು. ಎರಡು ದರ್ಜೆಗಳಿವೆ. ರಿಸ್ಟ್ರಿಕ್ಟೆಡ್ ದರ್ಜೆಯಲ್ಲಿ ಪ್ರಾಥಮಿಕ ಎಲೆಕ್ಟ್ರಾನಿಕ್ಸ್ ಮತ್ತು ನಿಯಮಗಳು ಬಂದರೆ ಸಾಕು. ಜನರಲ್ ದರ್ಜೆಗೆ ನಿಮಿಷಕ್ಕೆ ಎಂಟು ಪದಗಳ ವೇಗದಲ್ಲಿ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಕೂಡ ಬರಬೇಕು. ವಿಯು3 ಎಂದು ಶುರುವಾಗುವ ಕಾಲ್ ಸೈನ್ ಮೊದಲನೆಯವರದು, ವಿಯು2 ಎರಡನೆಯವರದು. ಪರೀಕ್ಷೆಯ ಬಗ್ಗೆ ವಿಚಾರಿಸಲು ಮುಂಬಯಿ, ಗೋವಾ, ಮಂಗಳೂರಿನಲ್ಲೆಲ್ಲ ಇಲಾಖೆಯ ನಿಸ್ತಂತು ನಿಗಾ ಕೇಂದ್ರಗಳಿವೆ. ಹತ್ತನೆಯ ತರಗತಿಯ ಭೌತಶಾಸ್ತ್ರ ಇನ್ನೂ ತಲೆಯಲ್ಲಿದ್ದರೆ ಎರಡು-ಮೂರು ತಿಂಗಳು ಸಂಜೆ ಓದಿದರೆ ಸಾಕು. ನಿಮ್ಮ ಗುಂಪಿನಲ್ಲಿ ಇನ್ನೂ ಇಬ್ಬರು-ಮೂವರು ಓದಿದರೆ ನಿಮ್ಮ ಅರ್ಧ ಸಮಸ್ಯೆ ಬಗೆಹರಿಯಿತು.

ನಮ್ಮ ದೇಶದಲ್ಲಿ ರೇಡಿಯೊ ಪೆಟ್ಟಿಗೆಯ ಬಗ್ಗೆ ಇಷ್ಟು ಬಿಗಿ ಏಕೆ ಎಂದು ನಿಮಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. 1933ರ ನಿಸ್ತಂತು ಕಾಯ್ದೆ ಪ್ರಸಾರ ಮಾಡುವುದನ್ನಷ್ಟೇ ಅಲ್ಲ, ಪರವಾನಗಿ ಇಲ್ಲದೆ ಸೆಟ್ಟು ಇಟ್ಟುಕೊಳ್ಳುವುದನ್ನೇ ತಪ್ಪೆಂದಿತು. ಎರಡನೆಯ ಮಹಾಯುದ್ಧ ಶುರುವಾದಾಗ ಹವ್ಯಾಸಿಗಳ ಪರವಾನಗಿಗಳೂ ಹೋದವು. ಅಂಥ ಕಾಲದಲ್ಲಿ, 1942ರ ಆಗಸ್ಟಿನಲ್ಲಿ, ಉಷಾ ಮೆಹ್ತಾ ಮತ್ತು ಸಂಗಡಿಗರು ಮುಂಬಯಿಯಲ್ಲಿ ಮನೆಯಿಂದ ಮನೆಗೆ ಸೆಟ್ಟು ಸಾಗಿಸುತ್ತಾ ಗುಪ್ತ ಕಾಂಗ್ರೆಸ್ ರೇಡಿಯೊ ನಡೆಸಿದರು. ನವೆಂಬರ್ 12ರಂದು ಪೊಲೀಸರ ಕೈಗೆ ಸಿಕ್ಕರು. ಅವರು ಸಾರುತ್ತಿದ್ದ ತರಂಗಾಂತರ 42.34 ಮೀಟರ್. ಲೆಕ್ಕ ಹಾಕಿದರೆ ಸುಮಾರು 7.08 ಮೆಗಾಹರ್ಟ್ಸ್, ಈಗ ನಾವು ಬೆಳಗಿನ ಚಹಾ ಹೀರುತ್ತಾ ಹರಟೆ ಹೊಡೆಯುವ ನಲವತ್ತು ಮೀಟರ್ ಹವ್ಯಾಸಿ ಬ್ಯಾಂಡಿನ ನಟ್ಟನಡುವೆ. ಆ ಅಂಕೆಯ ಬಳಿ ಗುಂಡಿ ತಿರುಗಿಸುವಾಗ ನನ್ನ ಕೈ ಈಗಲೂ ಒಂದು ಕ್ಷಣ ತಡೆಯುತ್ತದೆ. 2023ರ ದೂರಸಂಪರ್ಕ ಕಾಯ್ದೆ ಹಳೆಯ ಕಾಯ್ದೆಗಳ ಜಾಗಕ್ಕೆ ಬಂದಿದೆ. ಹೊಸ ಕಾನೂನಿನಲ್ಲೂ ಮೂಲ ನಿಲುವು ಬದಲಾಗಿಲ್ಲ: ಕಾನೂನು ಬಿಟ್ಟಿರುವುದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಅನುಮತಿ ಬೇಕು.

ಅಗ್ಗದ ವಾಕಿಟಾಕಿಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಿಮ್ಮ ಎರಡು ಬಗೆಯ ಸೆಟ್ಟುಗಳಲ್ಲಿ ನಿಜವಾಗಿ ಅಪಾಯದ್ದು ಅದು. ಅಂಥ ಸೆಟ್ಟುಗಳ ಕೀಲಿಮಣೆಯಲ್ಲಿ 136ರಿಂದ 174ರವರೆಗೆ, 400ರಿಂದ 520ರವರೆಗೆ ಯಾವ ಅಂಕೆ ಒತ್ತಿದರೂ ಪ್ರಸಾರವಾಗುತ್ತದೆ. ಆ ಹರವಿನಲ್ಲಿ ಯಾರೆಲ್ಲ ಇದ್ದಾರೆ ನೋಡಿ: ಪೊಲೀಸರು, ರೈಲಿನ ಗಾರ್ಡುಗಳು, ಸಮುದ್ರದಲ್ಲಿರುವ ಹಡಗು-ದೋಣಿಗಳು. 156.8 ಮೆಗಾಹರ್ಟ್ಸ್ ಎಂದರೆ ದೋಣಿಯವರು ಮುಳುಗುವಾಗ ಕೂಗುವ ಚಾನೆಲ್ 16. ತೋರಣಾದ ನೆತ್ತಿ 1,403 ಮೀಟರ್. ಅಲ್ಲಿ ನಿಂತು ಐದು ವಾಟ್‌ನಲ್ಲಿ 'ಲೇ, ಉಪ್ಪಿಟ್ಟಿನ ಡಬ್ಬಿ ಯಾರ ಹತ್ತಿರ ಇದೆ' ಎಂದರೆ ಅದು ಎಷ್ಟು ದೂರ, ಯಾರ ಕಿವಿಗೆ ಹೋಗುತ್ತದೆ ಎಂಬುದು ನಿಮಗೆ ತಿಳಿಯುವುದೇ ಇಲ್ಲ. ಆನ್‌ಲೈನ್‌ನಲ್ಲಿ ಮಾರುತ್ತಿದ್ದರು, ಆದ್ದರಿಂದ ಸರಿಯೇ ಇರಬೇಕು ಎಂಬ ತರ್ಕಕ್ಕೆ ಬೆಲೆಯಿಲ್ಲ. ಹೀಗೆ ಮಾಹಿತಿ ಕೊಡದೆ ವಾಕಿಟಾಕಿ ಮಾರುವುದನ್ನು ತಡೆಯಲೆಂದೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕೊಂಡವರು ಹಿಂದಿರುಗಿಸಲು ಸಾಧ್ಯವಿದ್ದರೆ ಇಂದೇ ಹಿಂದಿರುಗಿಸಲಿ.

ಹಾಗಾದರೆ ನೀವು ಕೊಳ್ಳಬೇಕಾದದ್ದು ಏನು? 2018ರಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಕಿರುಪಟ್ಟಿಯನ್ನು ಕಡಿಮೆ ಶಕ್ತಿಯ ವಾಕಿಟಾಕಿಗಳಿಗಾಗಿ ಬಿಟ್ಟಿದ್ದಾರೆ. ಯುರೋಪಿನಲ್ಲಿ ಚಾರಣಿಗರೂ ಅಂಗಡಿಯವರೂ ಬಳಸುವುದು ಇದನ್ನೇ. ಅಲ್ಲಿ ಈ ಸೆಟ್ಟುಗಳ ಶಕ್ತಿ ಅರ್ಧ ವಾಟ್, ಆಂಟೆನಾ ಕಿತ್ತು ಬರುವುದಿಲ್ಲ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಈ ಆವರ್ತನ ಬರೆದಿದೆಯೇ, ಇಟಿಎ ಎಂಬ ಸರ್ಕಾರಿ ಉಪಕರಣ ಅನುಮೋದನೆ ಇದೆಯೇ ಎಂದು ನೋಡಿ. ಕೀಲಿಮಣೆಯಲ್ಲಿ ಅಂಕೆ ಒತ್ತಿ ಆವರ್ತನ ಬದಲಿಸುವ ಸೆಟ್ಟಾದರೆ ಅಲ್ಲಿಯೇ ಇಟ್ಟು ಬನ್ನಿ.

ಅರ್ಧ ವಾಟ್ ಎಂದೊಡನೆ ನಿಮ್ಮ ಮುಖ ಸಣ್ಣಗಾಗಿರಬೇಕು. ಬೆಟ್ಟದಲ್ಲಿ ಗೆಲ್ಲಿಸುವುದು ವಾಟ್ ಅಲ್ಲ, ನೀವು ನಿಂತ ಜಾಗ. 446ರಲ್ಲಿ ಕಾಲು ಅಲೆಯ ಉದ್ದ 17 ಸೆಂಟಿಮೀಟರ್, ಒಂದು ಗೇಣಿಗಿಂತ ಚಿಕ್ಕದು. ಕೈಯಲ್ಲಿ ಹಿಡಿಯುವ ಸೆಟ್ಟಿನಲ್ಲೂ ಆಂಟೆನಾ ಪೂರ್ತಿ ಕೆಲಸ ಮಾಡುತ್ತದೆ. ಸಿ.ಬಿ.ಯ ಅಂಗೈ ಸೆಟ್ಟಿನಲ್ಲಿ ಎರಡೂ ಮುಕ್ಕಾಲು ಮೀಟರ್ ಕಡ್ಡಿಯನ್ನು ಸುರುಳಿ ಸುತ್ತಿ ಗೇಣಿಗೆ ಇಳಿಸಿರುತ್ತಾರೆ, ಐದರಲ್ಲಿ ಬಹುಪಾಲು ಶಕ್ತಿ ಅಲ್ಲಿಯೇ ಬಿಸಿಯಾಗಿ ಕರಗುತ್ತದೆ.

ಒಮ್ಮೆ ಕಾತ್ರಜ್–ಸಿಂಹಗಡ ದಾರಿಯಲ್ಲಿ ನಾನು ಮತ್ತು ಇನ್ನೊಬ್ಬ ಹ್ಯಾಮ್ ಗೆಳೆಯ ರಾತ್ರಿ ನಡೆಯುತ್ತಾ ಇದನ್ನೇ ಪರೀಕ್ಷಿಸಿದೆವು. ಆ ದಾರಿ ಒಂದರ ಹಿಂದೊಂದು ದಿಣ್ಣೆ ಹತ್ತಿ ಇಳಿಯುವುದು. ಅವನು ಒಂದು ದಿಣ್ಣೆ ಮುಂದಿದ್ದ. ಇಬ್ಬರೂ ನೆತ್ತಿಯಲ್ಲಿದ್ದಾಗ ಪಕ್ಕದಲ್ಲೇ ಕುಳಿತು ಮಾತಾಡಿದಂತೆ ಕೇಳುತ್ತಿತ್ತು. ಅವನು ಆ ಬದಿಗೆ ಇಳಿಯಲು ಶುರುಮಾಡಿ ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಮಾತು ಬರೀ ಸುಯ್ ಎಂಬ ಸದ್ದಾಯಿತು. ಬ್ಯಾಟರಿ ಬೆಳಕು ಕಾಣದಾದ ಗಳಿಗೆ ಮತ್ತು ದನಿ ಹೋದ ಗಳಿಗೆ ಹೆಚ್ಚುಕಡಿಮೆ ಒಂದೇ. ಅವನು ಹಿಂದಿರುಗಿ ಹತ್ತು ಹೆಜ್ಜೆ ಹತ್ತಿದ, ದನಿ ಮರಳಿತು. ಬಳಿಕ ಸಿಂಹಗಡದ ಮೇಲಿನಿಂದ ಪುಣೆ ಊರಿನೊಳಗಿನ ಗೆಳೆಯರೊಬ್ಬರನ್ನು ಅತಿ ಕಡಿಮೆ ಶಕ್ತಿಯಲ್ಲಿ ಕರೆದರೂ ಸಲೀಸಾಗಿ ಸಿಕ್ಕರು. ನೇರ ನೋಟ ಸಿಕ್ಕರೆ ಮೂವತ್ತು ಕಿಲೋಮೀಟರ್ ಏನೂ ಅಲ್ಲ, ನಡುವೆ ಬಂಡೆ ನಿಂತರೆ ಮುನ್ನೂರು ಮೀಟರ್ ಕೂಡ ದೂರ.

ಆದ್ದರಿಂದ ರಾಜಗಡ–ತೋರಣಾ ದಾರಿಯಲ್ಲಿ ಮೂರು ಸೆಟ್ಟು ಇಟ್ಟುಕೊಳ್ಳಿ: ಮುಂದಿನವರಿಗೆ ಒಂದು, ಹಿಂದಿನವರಿಗೆ ಒಂದು, ಮೂರನೆಯದು ನಡುವೆ. ನಡುವಿನವರು ಎರಡು ಇಳಿಜಾರುಗಳೂ ಕಾಣುವ, ಬೆಟ್ಟಗಳ ನಡುವಿನ ಖಿಂಡಿಯಲ್ಲಿ ನಿಂತು ಮಾತು ದಾಟಿಸಲಿ. ಪ್ರತಿ ಗಂಟೆ ಮತ್ತು ಅರ್ಧ ಗಂಟೆಗೆ ಸರಿಯಾಗಿ ಎಲ್ಲರೂ ಹತ್ತಿರದ ಎತ್ತರಕ್ಕೆ ಹತ್ತಿ ಕಿವಿ ಕೊಡಬೇಕು ಎಂದು ಹೊರಡುವ ಮೊದಲೇ ಮಾತಾಗಲಿ. ಗುಂಡಿ ಒತ್ತಿದ ಕೂಡಲೇ ಮಾತಾಡಬೇಡಿ, ಒಂದು ಉಸಿರು ತಡೆದು ಶುರುಮಾಡಿ. ಹೊಸಬರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ಮೊದಲ ಪದ ತುಂಡಾಗುತ್ತದೆ; 'ಬರಬೇಡಿ' ಎಂಬುದರಲ್ಲಿ ತುಂಡಾಗುವುದು ಯಾವ ಭಾಗ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ಮಳೆಗಾಲದಲ್ಲಿ ಸೆಟ್ಟಿಗೊಂದು ತೆಳುವಾದ ಪ್ಲಾಸ್ಟಿಕ್ ಚೀಲ. ಅಲೆ ಅದನ್ನು ದಾಟುತ್ತದೆ, ನೀರು ದಾಟುವುದಿಲ್ಲ. ಉಪಗ್ರಹ ಸಂಪರ್ಕದ ಕಿರುಸಾಧನವನ್ನು ಮುಂದಿನ ಸಲ ತರುತ್ತೇನೆ ಎಂದು ಭಾವನವರು ಹೇಳಿದರೆ ಬೇಡವೇ ಬೇಡ ಎನ್ನಿ. ಅನುಮತಿ ಇಲ್ಲದೆ ಅದು ಅಪರಾಧ. 2024ರ ಕೊನೆಯಲ್ಲಿ ಕೆನಡಾದ ಓಟಗಾರ್ತಿಯೊಬ್ಬರು ಅಂಥದ್ದೊಂದನ್ನು ಚೀಲದಲ್ಲಿಟ್ಟುಕೊಂಡು ಗೋವಾ ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಂಡಿದ್ದರು.

ಕೊನೆಯ ಪ್ರಶ್ನೆ: ಆಪತ್ತಿನಲ್ಲಿ ಸಿ.ಬಿ.ಯಲ್ಲಿ ಕರೆದರೆ ಹ್ಯಾಮ್‌ಗಳು ಕೇಳುತ್ತಾರೆಯೇ? ಇಲ್ಲ. ಕೇಳಬಾರದೆಂಬ ಹಟದಿಂದಲ್ಲ, ಅಲ್ಲಿ ಯಾರೂ ಕುಳಿತಿರುವುದಿಲ್ಲ. ಅಮೆರಿಕದಲ್ಲಿ ಚಾನೆಲ್ 9 ತುರ್ತಿಗೆಂದೇ ಮೀಸಲು, ಅದಕ್ಕೆ ಕಿವಿಗೊಡುವ ಸ್ವಯಂಸೇವಕರಿದ್ದರು. ಇಲ್ಲಿ ನಿಮ್ಮ ಕೂಗು ಡಯಾಥರ್ಮಿಯ ಅಜ್ಜಿಯ ಮಂಡಿಗೆ ತಾಗಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹ್ಯಾಮ್‌ಗಳ ಬಲ ಇರುವುದು ಅವರ ಬ್ಯಾಂಡಿನಲ್ಲಿ, ಅವರ ದಿನದ ಅಭ್ಯಾಸದಲ್ಲಿ. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನಿಗೆ ಬಡಿದಾಗ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ನಲ್ಲಿ ಹವ್ಯಾಸಿ ಕೇಂದ್ರ ಹೂಡಿಕೊಂಡಿತ್ತು. ಅವರು ಹೋಗಿದ್ದದ್ದು ದೂರದ ಊರುಗಳೊಡನೆ ಮಾತಾಡುವ ಖುಷಿಗೆ. ಆ ಸೆಟ್ಟುಗಳೇ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿದವು. ವಿಪತ್ತಿನಲ್ಲಿ ಪರವಾನಗಿ ಇಲ್ಲದವರ ಸಂದೇಶವನ್ನು ದಾಟಿಸಲು ಹ್ಯಾಮ್‌ಗಳಿಗೆ ಅವಕಾಶವೂ ಇದೆ. ನಿಮ್ಮ ಗೆಳೆಯರ ಕಾಲ್ ಸೈನ್ ಬಂದ ಮೇಲೆ ಅವರು 144ರಿಂದ 146 ಮೆಗಾಹರ್ಟ್ಸ್‌ನ ಸೆಟ್ಟೊಂದನ್ನು ಚೀಲದಲ್ಲಿಟ್ಟುಕೊಂಡರೆ, ಕೋಟೆಯ ನೆತ್ತಿಯಿಂದ ಪುಣೆಯ ಹ್ಯಾಮ್ ಒಬ್ಬರಾದರೂ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಮೊದಲು 112 ಒತ್ತಿ ನೋಡಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆ ಇನ್ನೊಂದರ ಸಿಗ್ನಲ್ ಇದ್ದರೂ ಆ ಕರೆ ಹೋಗುತ್ತದೆ.

ಭಾವನವರ ಸೆಟ್ಟುಗಳನ್ನು ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಯಲ್ಲಿಟ್ಟರೆ ಎಂದಾದರೊಂದು ದಿನ ಕೈ ತುರಿಸುತ್ತದೆ. ಅವರು ಮರಳುವಾಗ ಸೂಟ್‌ಕೇಸಿನಲ್ಲಿ ನಾಲ್ಕು ಧಾರವಾಡ ಪೇಢೆಯ ಡಬ್ಬಿ ಇಟ್ಟು, ಅವುಗಳ ಕೆಳಗೆ ಎರಡು ಸೆಟ್ಟುಗಳನ್ನೂ ವಾಪಸ್ ಇಟ್ಟುಬಿಡಿ. ನಿಮಗೆ ನಿಜವಾಗಿಯೂ ಮಾತಾಡುವ ಆಸೆ ಇದ್ದರೆ ಪರೀಕ್ಷೆಗೆ ಓದಿ. ಪುಣೆಯಿಂದ ಹುಬ್ಬಳ್ಳಿ ನಾನೂರು ಚಿಲ್ಲರೆ ಕಿಲೋಮೀಟರ್, ನಲವತ್ತು ಮೀಟರ್ ಬ್ಯಾಂಡಿನಲ್ಲಿ ಹಗಲು ಹೊತ್ತಿಗೆ ಹೇಳಿ ಮಾಡಿಸಿದ ದೂರ. ಬೆಳಗ್ಗೆ ಏಳರ ಸುಮಾರಿಗೆ ಗುಂಡಿ ತಿರುಗಿಸುತ್ತಾ ಹೋದರೆ ಆ ಗಿಜಿಗಿಜಿಯ ನಡುವೆ ಕನ್ನಡವೂ ಕೇಳುತ್ತದೆ. ಕನ್ನಡದಲ್ಲಿ ಮಾತಾಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ಧಾರಾಳವಾಗಿ ಮಾತಾಡಬಹುದು, ಗುಪ್ತ ಸಂಕೇತದಲ್ಲಿ ಮಾತ್ರ ಬೇಡ.